ಕೊಟ್ಟಿಗೆಗೂ ಗ್ಯಾರೇಜಿಗೂ ನಡುವೆ

ಕನಕಪುರ ರಸ್ತೆಯ ಹಳ್ಳಿಗಳಿಂದ ಬೆಂಗಳೂರಿನ ಬನಶಂಕರಿ, ಸಾರಕ್ಕಿ ಮಾರುಕಟ್ಟೆಗಳಿಗೆ ಸೊಪ್ಪು ತರುವ ಸಣ್ಣ ರೈತನಿಗೆ ಹಳೆಯ ಟೆಂಪೋ ಒಂದೇ ಬಂಡವಾಳ. ಅದು ಕೆಟ್ಟಿತೋ, ಸಂಸಾರವೇ ನಿಂತಿತು. ಅವನು ಬಿಡಿಭಾಗಕ್ಕಾಗಿ ಜೆ.ಸಿ. ರಸ್ತೆಯಲ್ಲಿ ಅಲೆದರೆ ಹಸು ಕರೆಯುವುದು, ತೋಟಕ್ಕೆ ನೀರು ಹಾಯಿಸುವುದು ಎಲ್ಲವೂ ಹೆಂಡತಿಯ ತಲೆಗೆ. ಹೊಲದಲ್ಲೇ ಉಳಿದರೆ ಕಿತ್ತ ಸೊಪ್ಪು ಬಾಡುತ್ತದೆ.

8 ವರ್ಷ ದಾಟಿದ ಸರಕು ವಾಹನಕ್ಕೆ ವರ್ಷವರ್ಷವೂ ಎಫ್.ಸಿ. ಆಗಬೇಕೆಂಬುದು ಕಾನೂನು. ನ್ಯಾಯವೇ, ರಸ್ತೆಯಲ್ಲಿ ಜನರ ಜೀವ ಉಳಿಯಬೇಕು. ಆದರೆ ರಿಪೇರಿಯ ಹಣಕ್ಕೆ ಅವನು ಬಡ್ಡಿಯವನ ಬಾಗಿಲನ್ನೇ ತಟ್ಟಬೇಕೆ?

ಹಾಲಿಗಾಗಿ 1974ರಿಂದೀಚೆಗೆ ಸಾವಿರಾರು ಹಳ್ಳಿಗಳಲ್ಲಿ ಸಹಕಾರ ಸಂಘ ಕಟ್ಟಿದ ನಾಡಿದು. ಹತ್ತು ಹಳ್ಳಿಗೊಂದು ಸಹಕಾರಿ ವರ್ಕ್‌ಷಾಪು ಕಟ್ಟಲಾರದೆ? ಮಿತ್ರರೇ, ಇದು ರೈತನೊಬ್ಬನ ಗೋಳಲ್ಲ. ಟೆಂಪೋ ನಿಂತ ದಿನ ವ್ಯಾಪಾರಿಯ ತಕ್ಕಡಿ ಬರಿದು, ಕಾರ್ಮಿಕನ ಸಾರೂ ತುಟ್ಟಿ. ಸಂಘಕ್ಕಾಗಿ ಮೂವರೂ ಕೂಡಿ ಕೇಳೋಣ.