ಆಟದ ಬಯಲಿನಲ್ಲಿ ಧರ್ಮೋಪದೇಶ: ಎಂಟು ದಿನದ ಮಿಶನರಿಗಳು

ಅಮೆರಿಕದಲ್ಲಿ ಜೂನ್ ತಿಂಗಳು ಬಂತೆಂದರೆ ವಿದ್ಯಾಲಯಗಳಿಗೆಲ್ಲ ಬೇಸಗೆಯ ಬಿಡುವು. ಆ ದಿನಗಳಲ್ಲಿ ಅಲ್ಲಿಯ ಚರ್ಚುಗಳಿಂದ ತರುಣ ತರುಣಿಯರು ತಂಡ ತಂಡವಾಗಿ ಪರದೇಶಗಳಿಗೆ ಹೊರಡುತ್ತಾರೆ. ಕೆಲವರು ಮನೆ ಕಟ್ಟಲು, ಕೆಲವರು ಔಷಧ ಹಂಚಲು. ಇನ್ನು ಕೆಲವರು ಕಾಲ್ಚೆಂಡು, ಬಾಸ್ಕೆಟ್‌ಬಾಲ್‌ಗಳ ಚೀಲ ಹೊತ್ತು ಬಡಮಕ್ಕಳಿಗೆ ಆಟ ಕಲಿಸಲು ಹೋಗುತ್ತಾರೆ. ಆಟದ ನಡುವಣ ವಿರಾಮದಲ್ಲಿ ಯೇಸುಕ್ರಿಸ್ತನ ಕಥೆ ಹೇಳುತ್ತಾರೆ, ಪ್ರಾರ್ಥನೆ ಮಾಡಿಸುತ್ತಾರೆ, ರಜೆ ಮುಗಿಯುವ ಮೊದಲೇ ಸ್ವದೇಶಕ್ಕೆ ಮರಳುತ್ತಾರೆ. ಇದಕ್ಕೆ ಅಲ್ಪಾವಧಿಯ ಮಿಶನ್ ಎಂದು ಹೆಸರು. ಆಟದ ಮೂಲಕ ನಡೆಯುವ ಭಾಗಕ್ಕೆ ಕ್ರೀಡಾಸೇವೆ ಎನ್ನುತ್ತಾರೆ.

ಇದು ಬೆರಳೆಣಿಕೆಯ ಉತ್ಸಾಹಿಗಳ ಕಾರ್ಯವೆಂದು ತಿಳಿಯಬಾರದು. ವರ್ಷಕ್ಕೆ ಸುಮಾರು 16 ಲಕ್ಷ ಅಮೆರಿಕನ್ನರು ಇಂಥ ಯಾತ್ರೆಗಳಲ್ಲಿ ಹೊರದೇಶಗಳಿಗೆ ಹೋಗುತ್ತಾರೆಂದು ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೌ 2005ರ ಸಮೀಕ್ಷೆಯೊಂದರ ಆಧಾರದಿಂದ ಅಂದಾಜು ಮಾಡಿದ್ದರು. ಪ್ರಯಾಣದ ದಿನಗಳನ್ನು ಬಿಟ್ಟರೆ ಅವರಲ್ಲಿ ಅರ್ಧದಷ್ಟು ಜನ ಅಲ್ಲಿ ತಂಗುವುದು ಎಂಟು ದಿನ, ಇಲ್ಲವೇ ಅದಕ್ಕೂ ಕಡಿಮೆ.

ಹೋಟೆಲಿನ ಗಲ್ಲೆಯ ಮುಂದೆಯೋ ಕಚೇರಿಯ ಕಡತಗಳ ನಡುವೆಯೋ ದಿನ ಕಳೆಯುವ ನಮ್ಮ ವಾಚಕರಿಗೆ ಇದರಿಂದೇನು ಎಂದು ಕೇಳಬಹುದು. ಒಂದು ಕೈಯಲ್ಲಿ ಕಾಣಿಕೆ, ಇನ್ನೊಂದು ಕೈಯಲ್ಲಿ ಮತ ಹಿಡಿದು ಬಡವನ ಮನೆಬಾಗಿಲಿಗೆ ಬರುವವನನ್ನು ಹೇಗೆ ಅಳೆಯಬೇಕು ಎಂಬುದು ಇಲ್ಲಿಯ ಪ್ರಶ್ನೆ. ಅದು ಒಂದು ಧರ್ಮಕ್ಕೆ ಮಾತ್ರ ಸೇರಿದ ಪ್ರಶ್ನೆಯಲ್ಲ, ಒಂದು ದೇಶಕ್ಕೆ ಮಾತ್ರ ಸೇರಿದುದೂ ಅಲ್ಲ.

ಆಟಕ್ಕೂ ಮಿಶನ್ನಿಗೂ ಇರುವ ನಂಟು

ಈ ನಂಟು ಹಳೆಯದು. ಸಂಜೆಯ ಬಿಡುವಿನಲ್ಲಿ ನಮ್ಮ ಹುಡುಗರು ಬಲೆ ಕಟ್ಟಿ ಆಡುವ ವಾಲಿಬಾಲನ್ನು 1895ರಲ್ಲಿ ರೂಪಿಸಿದವನು ಅಮೆರಿಕದ ಕ್ರೈಸ್ತ ತರುಣರ ಸಂಘ, ಅಂದರೆ ವೈ.ಎಂ.ಸಿ.ಎ.ಯ ವ್ಯಾಯಾಮ ಶಿಕ್ಷಕ ವಿಲಿಯಂ ಮಾರ್ಗನ್. ಬಾಸ್ಕೆಟ್‌ಬಾಲ್ ಕೂಡ 1891ರಲ್ಲಿ ಸ್ಪ್ರಿಂಗ್‌ಫೀಲ್ಡಿನಲ್ಲಿದ್ದ ಅದೇ ಸಂಘದ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ತನ ಕೈಯಲ್ಲಿ ಹುಟ್ಟಿತು. ದೇಹ ಗಟ್ಟಿಯಾದರೆ ಶೀಲವೂ ಗಟ್ಟಿಯಾದೀತೆಂಬ ನಂಬಿಕೆ ಆ ಕಾಲದ ಕ್ರೈಸ್ತ ಶಿಕ್ಷಕರಲ್ಲಿ ಬಲವಾಗಿತ್ತು.

ಆ ನಂಬಿಕೆಗೆ ಒರಟು ಮುಖವೂ ಇತ್ತು. 1890ರಲ್ಲಿ ಶ್ರೀನಗರದ ಮಿಶನ್ ಶಾಲೆಗೆ ಬಂದ ಪಾದ್ರಿ ಟಿಂಡೇಲ್ ಬಿಸ್ಕೋ ಮರುವರ್ಷ ಅಲ್ಲಿಗೆ ಕಾಲ್ಚೆಂಡು ತಂದರು. ಬ್ರಾಹ್ಮಣ ವಿದ್ಯಾರ್ಥಿಗಳು ಚರ್ಮದ ಚೆಂಡನ್ನು ಮುಟ್ಟಲು ಒಪ್ಪಲಿಲ್ಲ. ಶಿಕ್ಷಕರ ಕೈಗೆ ಕೋಲು ಕೊಟ್ಟು ನಿಲ್ಲಿಸಿ ಅವರು ಆಟ ಆಡಿಸಿದರು. ಈ ಸಂಗತಿಯನ್ನು ತಾವೇ ಹೆಮ್ಮೆಯಿಂದ ಬರೆದಿಟ್ಟಿದ್ದಾರೆ. ಇಂದು ಯಾವ ಶಿಕ್ಷಕನೂ ಇದನ್ನು ಸಮರ್ಥಿಸಲಾರನು. ಆದರೆ ಆ ವ್ಯಕ್ತಿ 1947ರವರೆಗೆ ಆ ಊರಿನಲ್ಲೇ ನೆಲೆಸಿದರು. ಅವರ ತಪ್ಪೊಪ್ಪುಗಳನ್ನು ಊರು ಕಣ್ಣಾರೆ ಕಂಡು ಅಳೆಯಲು ಅರ್ಧ ಶತಮಾನಕ್ಕೂ ಮಿಕ್ಕಿದ ಅವಕಾಶ ದೊರೆಯಿತು.

ಮದರಾಸಿನ ಉದಾಹರಣೆ ಇದಕ್ಕಿಂತ ಹಿತಕರವಾದುದು. ವೈ.ಎಂ.ಸಿ.ಎ.ಯ ಅಮೆರಿಕನ್ ಕಾರ್ಯಕರ್ತ ಹ್ಯಾರಿ ಕ್ರೋ ಬಕ್ 1920ರಲ್ಲಿ ಅಲ್ಲಿ ದೈಹಿಕ ಶಿಕ್ಷಣದ ಕಾಲೇಜನ್ನು ಸ್ಥಾಪಿಸಿದರು. ಅಲ್ಲಿ ತರಬೇತಿ ಪಡೆದ ಭಾರತೀಯರೇ ಮುಂದೆ ಶಾಲೆ ಶಾಲೆಗಳಲ್ಲಿ ಆಟದ ಮೇಷ್ಟರಾದರು. ನಂದನಂನಲ್ಲಿರುವ ಆ ಕಾಲೇಜಿಗೆ ನೂರು ವರ್ಷ ತುಂಬಿದೆ. ಸ್ಥಾಪಕನು ಹೋದ ಮೇಲೂ ನಿಲ್ಲುವಂತೆ ಕಟ್ಟಿದ ಕೆಲಸವೆಂದು ಅದನ್ನು ಕರೆಯಬಹುದು.

ಮೂರನೆಯವನು ಎರಿಕ್ ಲಿಡೆಲ್. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಭಾನುವಾರ ದೇವರ ದಿನವೆಂದು 100 ಮೀಟರಿನ ಓಟವನ್ನು ಬಿಟ್ಟುಕೊಟ್ಟು, 400 ಮೀಟರಿನಲ್ಲಿ ಚಿನ್ನದ ಪದಕ ಗೆದ್ದ ಸ್ಕಾಟ್ಲೆಂಡಿನ ಓಟಗಾರ. ಮರುವರ್ಷವೇ ಆತನು ಕೀರ್ತಿಯನ್ನು ಬದಿಗಿಟ್ಟು ಚೀನಕ್ಕೆ ಶಿಕ್ಷಕನಾಗಿ ಹೋದನು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಆತನನ್ನು ವೈಷಿಯನ್ ಶಿಬಿರದಲ್ಲಿ ಬಂಧಿಸಿಟ್ಟರು. ಬೇಸರದಿಂದ ಜಗಳಕ್ಕಿಳಿಯುತ್ತಿದ್ದ ಅಲ್ಲಿಯ ಹುಡುಗರಿಗಾಗಿ ಆತನು ಭಾನುವಾರವೂ ಆಟದ ತೀರ್ಪುಗಾರನಾಗಿ ನಿಂತನೆಂದು ಜೊತೆಗಿದ್ದವರು ಹೇಳಿದ್ದಾರೆ. ಪದಕಕ್ಕಾಗಿ ಮುರಿಯದ ನಿಯಮವನ್ನು ಮಕ್ಕಳಿಗಾಗಿ ಸಡಿಲಿಸಿದ ಆತನು 1945ರ ಫೆಬ್ರವರಿಯಲ್ಲಿ, ಬಿಡುಗಡೆಗೆ ಕೆಲವೇ ತಿಂಗಳು ಉಳಿದಿರುವಾಗ, ಅದೇ ಶಿಬಿರದಲ್ಲಿ ತೀರಿಕೊಂಡನು.

ನೆಲೆಸುವವರಿಂದ ಹಾದುಹೋಗುವವರ ಕಡೆಗೆ

ಈ ರೀತಿ ಬದಲಾದುದು ಯುದ್ಧಾನಂತರ. 1952ರಲ್ಲಿ ಅಮೆರಿಕದ ಟೇಲರ್ ವಿಶ್ವವಿದ್ಯಾಲಯದ ತರಬೇತುದಾರ ಡಾನ್ ಓಡ್ಲ್ ಬಾಸ್ಕೆಟ್‌ಬಾಲ್ ತಂಡವೊಂದನ್ನು ಕಟ್ಟಿಕೊಂಡು ಬೇಸಗೆಯ ರಜೆಯಲ್ಲಿ ಫಾರ್ಮೋಸಾಕ್ಕೆ, ಅಂದರೆ ಇಂದಿನ ತೈವಾನಿಗೆ ಹೋದರು. ಪಂದ್ಯ ನೋಡಲು ನೆರೆದ ಜನರಿಗೆ ಅರ್ಧಕಾಲದ ವಿರಾಮದಲ್ಲಿ ಆಟಗಾರರು ಹಾಡಿ ಉಪದೇಶ ಮಾಡುತ್ತಿದ್ದರು. ಮುಂದೆ ಇದೊಂದು ಮಾದರಿಯೇ ಆಯಿತು. ಕ್ರೈಸ್ತ ಕ್ರೀಡಾಪಟುಗಳ ಸಂಘ 1954ರಲ್ಲಿಯೂ ‘ಅಥ್ಲೀಟ್ಸ್ ಇನ್ ಆಕ್ಷನ್’ ಎಂಬ ಸಂಸ್ಥೆ 1966ರಲ್ಲಿಯೂ ಅಮೆರಿಕದಲ್ಲಿ ಹುಟ್ಟಿದವು. ವಿಮಾನಯಾನ ಅಗ್ಗವಾದಂತೆ, ಹಿಂದೆ ಆಯುಷ್ಯವನ್ನೇ ಬೇಡುತ್ತಿದ್ದ ಕೆಲಸವು ರಜೆಯ ಕೆಲಸವಾಯಿತು.

ಹೋಗುವ ತರುಣರಲ್ಲಿ ಅನೇಕರು ಸದುದ್ದೇಶದವರೆಂಬುದರಲ್ಲಿ ಸಂಶಯವಿಲ್ಲ. ಸ್ವಂತ ದುಡ್ಡು ಹಾಕಿ, ಚಂದಾ ಎತ್ತಿ, ಸುಖವನ್ನು ಬಿಟ್ಟು ಬಿಸಿಲಿಗೆ ಬರುತ್ತಾರೆ. ಚೆಂಡೇ ಇಲ್ಲದ ಕೇರಿಯ ಮಕ್ಕಳಿಗೆ ಒಂದು ವಾರದ ಆಟವೂ ಸಂತೋಷವೇ ಸರಿ. ಸ್ಥಳೀಯ ಚರ್ಚು ವರ್ಷವಿಡೀ ನಡೆಸುವ ಕ್ರೀಡಾಕೂಟಕ್ಕೆ ಬಂದವರು ಒತ್ತಾಸೆಯಾಗಿ ನಿಂತ ಉದಾಹರಣೆಗಳೂ ಉಂಟು. ಆದರೆ ಸದುದ್ದೇಶಕ್ಕೂ ಒಂದು ಲೆಕ್ಕಪತ್ರ ಇರಬೇಕಲ್ಲವೇ?

ಆ ಲೆಕ್ಕವನ್ನು ಹಾಕಿದವನು ಕ್ರೈಸ್ತ ವಿದ್ವಾಂಸನೇ. 1998ರಲ್ಲಿ ಮಿಚ್ ಚಂಡಮಾರುತವು ಮಧ್ಯ ಅಮೆರಿಕದ ಹೊಂಡುರಾಸನ್ನು ಹಾಳುಗೆಡವಿದಾಗ ಅನೇಕ ಅಲ್ಪಾವಧಿಯ ತಂಡಗಳು ಅಲ್ಲಿಗೆ ಹೋಗಿ ಮನೆ ಕಟ್ಟಿಕೊಟ್ಟವು. ಕ್ಯಾಲ್ವಿನ್ ಕಾಲೇಜಿನ ಕರ್ಟ್ ವರ್ ಬೀಕ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪ್ರಯಾಣದ ವೆಚ್ಚ ಸೇರಿ ಆ ತಂಡಗಳ ಒಂದೊಂದು ಮನೆಗೆ ಸುಮಾರು 30,000 ಡಾಲರ್ ತಗಲಿತ್ತು. ಹೊಂಡುರಾಸಿನವರೇ ಕಟ್ಟಿದ ಮನೆಗೆ ತಗಲಿದುದು ಸುಮಾರು 2,000 ಡಾಲರ್. ಮನೆ ಪಡೆದ ಕುಟುಂಬಗಳ ಬಾಳಿನಲ್ಲಿ, ಯಾರು ಕಟ್ಟಿದರೆಂಬ ಕಾರಣದಿಂದ ಏನೂ ವ್ಯತ್ಯಾಸ ಕಾಣಲಿಲ್ಲ. ಹೋಗಿ ಬಂದವರ ದಾನಬುದ್ಧಿಯೂ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಮನೆಯ ಲೆಕ್ಕವನ್ನು ಆಟಕ್ಕೆ ಹಾಗೆಯೇ ಹಚ್ಚಲಾಗದು. ಆದರೂ ಹತ್ತು ಹನ್ನೆರಡು ಜನರ ವಿಮಾನದ ಟಿಕೆಟ್ಟಿನ ಹಣದಲ್ಲಿ ಆ ಊರಿನವನೇ ಆದ ಆಟದ ಮೇಷ್ಟರೊಬ್ಬನನ್ನು ಎಷ್ಟು ಕಾಲ ಸಾಕಬಹುದೆಂದು ಸಂಬಳದ ಬೆಲೆ ಬಲ್ಲ ನಮ್ಮ ವಾಚಕರೇ ಎಣಿಸಿ ನೋಡಲಿ.

ಮಗುವಿನ ಒಪ್ಪಿಗೆ

ಹಣಕ್ಕಿಂತ ಗಹನವಾದ ಪ್ರಶ್ನೆ ಒಪ್ಪಿಗೆಯದು. ಹಸಿದವನು ಅನ್ನಕ್ಕೆ ಬರುವಂತೆ ಮಗು ಚೆಂಡಿಗೆ ಬರುತ್ತದೆ. ಚೆಂಡಿನೊಡನೆ ಉಪದೇಶವನ್ನೂ ಕೇಳಬೇಕೆಂದರೆ ಕೇಳುತ್ತದೆ, ಕೈ ಎತ್ತೆಂದರೆ ಎತ್ತುತ್ತದೆ. ಅದನ್ನು ನಂಬಿಕೆಯೆಂದು ಎಣಿಸಿ ತವರಿನ ಚರ್ಚಿಗೆ ವರದಿ ಬರೆಯುವುದು ಆ ಮಗುವಿಗೂ ನ್ಯಾಯವಲ್ಲ, ಆ ಧರ್ಮಕ್ಕೂ ಗೌರವವಲ್ಲ.

ನಮ್ಮ ಸಂವಿಧಾನ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 25ನೆಯ ವಿಧಿಯು ಧರ್ಮವನ್ನು ಆಚರಿಸುವ ಹಕ್ಕನ್ನಲ್ಲದೆ ಪ್ರಚಾರ ಮಾಡುವ ಹಕ್ಕನ್ನೂ ಕೊಡುತ್ತದೆ. ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಅದರಲ್ಲಿ ಅಡಗಿಲ್ಲವೆಂದು 1977ರಲ್ಲಿ ಸುಪ್ರೀಂ ಕೋರ್ಟು ಸ್ಟಾನಿಸ್ಲಾಸ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ವಿದ್ಯಾಸಂಸ್ಥೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ, ಅಪ್ರಾಪ್ತ ವಯಸ್ಕರಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಧರ್ಮಬೋಧೆಗೆ ಕೂರಿಸಕೂಡದೆಂದು 28ನೆಯ ವಿಧಿ ಹೇಳುತ್ತದೆ. ಈ ವಿಧಿ ಬರೆದದ್ದು ಶಾಲೆಗೆ. ಅದರ ನ್ಯಾಯ ಆಟದ ಬಯಲಿಗೂ ಸಲ್ಲಬೇಕು. ಪರದೇಶದವರು ಧರ್ಮಪ್ರಚಾರಕ್ಕೆ ಬರುವುದಾದರೆ ಅದಕ್ಕೆ ಬೇರೆಯೇ ವೀಸಾ ಇದೆ. ಪ್ರವಾಸಿಯೆಂದು ಬಂದು ಪ್ರಚಾರಕನಾಗುವಂತಿಲ್ಲ.

ಈ ಎಲ್ಲೆಯನ್ನು ಮೀರಿದರೆ ಏನಾದೀತೆಂಬುದಕ್ಕೆ ಅತಿಯಾದ ನಿದರ್ಶನವೊಂದು 2018ರ ನವೆಂಬರಿನಲ್ಲಿ ನಮ್ಮ ಕಡಲಿನಲ್ಲೇ ನಡೆಯಿತು. ಅಂಡಮಾನಿನ ನಿಷೇಧಿತ ಉತ್ತರ ಸೆಂಟಿನೆಲ್ ದ್ವೀಪಕ್ಕೆ ಕದ್ದು ಹೋದ ಅಮೆರಿಕನ್ ತರುಣ ಜಾನ್ ಅಲೆನ್ ಚೌ ಅಲ್ಲಿಯ ನಿವಾಸಿಗಳ ಕೈಯಲ್ಲಿ ಹತನಾದನು. ಆತನು ಒಯ್ದ ಕಾಣಿಕೆಗಳಲ್ಲಿ ಒಂದು ಕಾಲ್ಚೆಂಡೂ ಇತ್ತು. ಹೊರಗಿನ ರೋಗಗಳನ್ನು ತಾಳುವ ಶಕ್ತಿಯಿಲ್ಲದ ಆ ಜನರಿಗೆ ಆತನ ಉಸಿರೇ ಅಪಾಯವಾಗಬಹುದಿತ್ತು. ಕ್ರೀಡಾಸೇವೆಯ ತಂಡಗಳನ್ನೆಲ್ಲ ಈ ದುರಂತದಿಂದ ಅಳೆಯುವುದು ಸರಿಯಲ್ಲ. ಆದರೂ ಕೊಡುವವನ ಪ್ರೀತಿಯೊಂದೇ ಸಾಲದು, ಪಡೆಯುವವನ ಇಚ್ಛೆಯನ್ನೂ ಕೇಳಬೇಕೆಂಬ ಪಾಠ ಅದರಲ್ಲಿದೆ.

ಊರು ಬಿಟ್ಟು ಬಂದ ನಮ್ಮವರಿಗೆ ಇದು ಅರ್ಥವಾಗದ ಮಾತಲ್ಲ. ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದರು. ಆ ಶಾಲೆಗಳು ಉಳಿದು ಫಲ ಕೊಟ್ಟುದು ವರ್ಷವರ್ಷವೂ ಅದೇ ಕೋಣೆಗೆ ಮರಳಿ ಬಂದ ಶಿಕ್ಷಕರ ದೆಸೆಯಿಂದ. ಎಂಟು ದಿನದ ಅತಿಥಿಗಳಿಂದ ಅಂಥ ಕೆಲಸ ನಡೆಯುತ್ತಿರಲಿಲ್ಲ.

ಆದುದರಿಂದ ಆಟ ಕಲಿಸಲು ಬಂದವರು ಯಾವ ಧರ್ಮದವರೇ ಆಗಲಿ, ಯಾವ ಪಕ್ಷದವರೇ ಆಗಲಿ, ತಂದೆತಾಯಿಗಳು ಮೂರು ಪ್ರಶ್ನೆಗಳನ್ನು ವಿನಯದಿಂದಲೇ ಕೇಳಬೇಕು. ನೀವು ಯಾರು, ಯಾವ ಉದ್ದೇಶದಿಂದ ಬಂದಿರಿ? ಉಪದೇಶಕ್ಕೆ ಕೂರದ ಮಗುವಿಗೂ ಆಟದಲ್ಲಿ ಸಮಾನವಾದ ಸ್ಥಾನ ಉಂಟೆ? ನೀವು ಹೋದ ಮೇಲೆ ಬರುವ ತಿಂಗಳು ಈ ಮಕ್ಕಳಿಗೆ ಆಟ ಕಲಿಸುವವರು ಯಾರು? ಮೂರಕ್ಕೂ ಮುಚ್ಚುಮರೆಯಿಲ್ಲದ ಉತ್ತರ ಕೊಡುವವರನ್ನು ಸ್ವಾಗತಿಸಲು ಯಾವ ಅಡ್ಡಿಯೂ ಇಲ್ಲ. ಉತ್ತರ ಕೊಡಲಾರದವರ ಕೈಯಿಂದ ಚೆಂಡನ್ನು ಪಡೆಯುವ ಮುನ್ನ ಯೋಚಿಸುವುದು ಹಿರಿಯರ ಕರ್ತವ್ಯ.