'ಅಸಹಜ ಶಬ್ದ' ಅಂದರೆ ಯಾವ ಶಬ್ದ?

ಕಳೆದ ಚಳಿಗಾಲದಲ್ಲಿ ಅಮ್ಮ ದಾವಣಗೆರೆಯಿಂದ ಪುಣೆಯ ನನ್ನ ಮನೆಗೆ ಬಂದಿದ್ದಳು. ಬಂದ ಮರುದಿನ ಬೆಳಿಗ್ಗೆ ಬಚ್ಚಲಿನಿಂದಲೇ ಕೂಗಿದಳು: "ಇದೇನಿದು, ಗೀಸರ್ ಒಳಗೆ ಮಂಡಕ್ಕಿ ಹುರಿದಂಗೆ ಸಪ್ಪಳ ಬರ್ತೈತಲ್ಲ!"

ಆ ಸಪ್ಪಳ ನನಗೆ ಆರೇಳು ತಿಂಗಳಿಂದ ರೂಢಿಯಾಗಿಹೋಗಿತ್ತು. ಅಮ್ಮ ಬೆಳೆದದ್ದು ಮಂಡಕ್ಕಿ ಭಟ್ಟಿಗಳ ಹತ್ತಿರದ ಓಣಿಯಲ್ಲಿ. ಕಾದ ಮರಳಿಗೆ ಅಕ್ಕಿ ಬಿದ್ದಾಗ ಮೊದಲು ಒಂದೆರಡು ಕಾಳು ಚಟ್ ಚಟ್ ಅನ್ನುತ್ತವೆ, ಆಮೇಲೆ ಎಲ್ಲವೂ ಒಟ್ಟಿಗೆ ಚಟಪಟ ಎದ್ದು, ಕೊನೆಗೆ ಸುಮ್ಮನಾಗುತ್ತವೆ. ನಮ್ಮ ಗೀಸರ್ ಮಾಡುತ್ತಿದ್ದದ್ದೂ ಅದನ್ನೇ. ಸ್ವಿಚ್ ಹಾಕಿದ ಎರಡು ಮೂರು ನಿಮಿಷಕ್ಕೆ ಶುರು, ಕೆಂಪು ದೀಪ ಆರಿದ ಮೇಲೆ ನಿಧಾನಕ್ಕೆ ತಣ್ಣಗೆ.

ಕಂಪನಿಯ ಆ್ಯಪ್‌ನಲ್ಲಿ ದೂರು ಹಾಕಲು ಹೋದೆ. ಭಾಷೆ ಕನ್ನಡ ಅಂತ ಆರಿಸಿಕೊಂಡೆ, ಕಸುಬಿನ ಚಟ. ನಾಲ್ಕು ಆಯ್ಕೆಗಳಿದ್ದವು: ನೀರು ಬಿಸಿಯಾಗುತ್ತಿಲ್ಲ, ಸೋರಿಕೆ, ಅಸಹಜ ಶಬ್ದ, ಇತರೆ. ಮೂರನೆಯದನ್ನು ಒತ್ತಿದೆ. ಬಂದ ಹುಡುಗನ ಕೈಯಲ್ಲಿದ್ದ ಫೋನಿನಲ್ಲಿ ಇಂಗ್ಲಿಷಿನಲ್ಲಿ 'ನಾಯ್ಸ್' ಎಂಬ ಒಂದೇ ಪದ. ಅವನು ಬಂದ ಹೊತ್ತಿಗೆ ಗೀಸರ್ ತಣ್ಣಗಿತ್ತು, ಸದ್ದೂ ಇರಲಿಲ್ಲ. ಥರ್ಮೋಸ್ಟಾಟ್ ಬದಲಾಯಿಸಿ, ದುಡ್ಡು ತೆಗೆದುಕೊಂಡು ಹೋದ. ಮರುದಿನ ಬೆಳಿಗ್ಗೆ ಮತ್ತೆ ಮಂಡಕ್ಕಿ.

ಎರಡನೆಯ ಸಲ ಕರೆದದ್ದು ಕೆಳಗಿನ ಅಂಗಡಿಯ ಪ್ಲಂಬರನ್ನು. ಫೋನಿನಲ್ಲೇ ಅಮ್ಮನ ಮಾತನ್ನು ಹಿಂದಿಗೆ ತಿರುಗಿಸಿ ಹೇಳಿದೆ, ಮುರ್ಮುರಾ ಹುರಿದ ಹಾಗೆ ಸದ್ದು ಅಂತ. ಆತ ಎರಡೇ ಮಾತು ಆಡಿದ: "ಟ್ಯಾಂಕರ್ ನೀರಾ? ಹಾಗಾದರೆ ಕ್ಷಾರ." ಬಂದು ಕರೆಂಟು ತೆಗೆದು, ನೀರೆಲ್ಲ ಇಳಿಸಿ, ಕಾಯಿಲ್ ಹೊರಗೆಳೆದ. ಅದರ ಸುತ್ತ ಬೆರಳು ದಪ್ಪ ಬಿಳಿ ಕಲ್ಲು ಕಟ್ಟಿತ್ತು. ಟ್ಯಾಂಕಿನ ತಳದಿಂದ ಎರಡು ಮಗ್ ತುಂಬ ಹಕ್ಕಳೆ ಬಂತು.

ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟು ಕಾದಾಗ ಒಡೆದು, ಸುಣ್ಣದಕಲ್ಲಾಗಿ ಹೊರಬೀಳುತ್ತದೆ. ಸಕ್ಕರೆ ಬಿಸಿನೀರಿನಲ್ಲಿ ಹೆಚ್ಚು ಕರಗುತ್ತದೆ, ಇದು ತದ್ವಿರುದ್ಧ. ನೀರು ಬಿಸಿಯಾದಷ್ಟೂ ಕರಗುವುದು ಕಡಿಮೆ. ಹಾಗಾಗಿ ಎಲ್ಲಕ್ಕಿಂತ ಬಿಸಿಯಾದ ಜಾಗದಲ್ಲಿ, ಅಂದರೆ ಕಾಯಿಲ್ ಮೇಲೇ, ಮೊದಲು ಕಟ್ಟುತ್ತದೆ. ಆ ಪದರದ ಸಂದಿಯಲ್ಲಿ ಸಿಕ್ಕಿಕೊಂಡ ಚೂರು ನೀರು ಕುದಿದು ಆವಿಯಾಗುತ್ತದೆ. ಆವಿಯ ಗುಳ್ಳೆ ಹೊರಗಿನ ತಣ್ಣನೆಯ ನೀರಿಗೆ ತಾಗಿದ ಕೂಡಲೇ ಕುಸಿಯುತ್ತದೆ. ಒಂದೊಂದು ಕುಸಿತವೂ ಒಂದು 'ಚಟ್'. ಇದನ್ನು ಹಾಗೇ ಬಿಟ್ಟರೆ ಕಾಯಿಲಿನ ಶಾಖ ನೀರಿಗೆ ಹೋಗಲಾರದೆ ಒಳಗೇ ಉಳಿದು, ಒಂದು ದಿನ ಕಾಯಿಲ್ಲೇ ಸುಟ್ಟು ಒಡೆಯುತ್ತದೆ. ಥರ್ಮೋಸ್ಟಾಟನ್ನು ಪೂರ್ತಿ ಮೇಲಕ್ಕೆ ಇಟ್ಟವರ ಮನೆಯಲ್ಲಿ ಇದು ಇನ್ನೂ ಬೇಗ.

ಅಮ್ಮನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಆದರೂ ರೋಗದ ಹೆಸರು ಹೇಳಲು ಬೇಕಾದಷ್ಟು ವಿವರ ಅವಳ ಒಂದು ವಾಕ್ಯದಲ್ಲಿತ್ತು. ಆ್ಯಪ್‌ನ ಎರಡು ಪದಗಳಲ್ಲಿ ಏನೂ ಇರಲಿಲ್ಲ. ತಪ್ಪು ಆ ಹುಡುಗನದಲ್ಲ ಅನ್ನುವುದು ನನ್ನ ವಾದ. ತಪ್ಪು ನನ್ನಂಥವರದು.

ಏಕೆಂದರೆ 'ಅಸಹಜ ಶಬ್ದ' ಎಂಬ ಆ ಜೋಡಿಯನ್ನು ನಾನೇ ಹಿಂದೆ ಬರೆದಿದ್ದೇನೆ, ಬೇರೊಂದು ಕಂಪನಿಯ ಕೈಪಿಡಿಯಲ್ಲಿ. ಪೂರ್ತಿ ವಾಕ್ಯ ಇನ್ನೂ ನೆನಪಿದೆ: "ಉಪಕರಣದಿಂದ ಅಸಹಜ ಶಬ್ದ ಹೊರಹೊಮ್ಮುತ್ತಿದ್ದಲ್ಲಿ ಅಧಿಕೃತ ಸೇವಾ ಕೇಂದ್ರವನ್ನು ಸಂಪರ್ಕಿಸಿ." ವ್ಯಾಕರಣ ಸರಿಯಿದೆ, ಕಾಗುಣಿತ ಸರಿಯಿದೆ, ಪರಿಶೀಲಕರು ಒಂದೇ ಒಂದು ಗೆರೆ ಎಳೆಯದೆ ಪಾಸು ಮಾಡಿದರು. ಈ ಕೆಲಸ ಹೇಗೆ ನಡೆಯುತ್ತದೆ ಅನ್ನುವುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ನಾವು ಬಳಸುವ ತಂತ್ರಾಂಶ ಹಿಂದೆ ಮಾಡಿದ ಅನುವಾದಗಳನ್ನು ನೆನಪಿಟ್ಟುಕೊಳ್ಳುತ್ತದೆ. ಅದೇ ಇಂಗ್ಲಿಷ್ ವಾಕ್ಯ ಮತ್ತೆ ಬಂದರೆ ಹಳೆಯ ಕನ್ನಡವನ್ನೇ ತಂದು ಮುಂದಿಡುತ್ತದೆ, ಮತ್ತು ಹಾಗೆ ಸಿಕ್ಕ ವಾಕ್ಯಕ್ಕೆ ಸಾಮಾನ್ಯವಾಗಿ ಕೂಲಿ ಕಡಿಮೆ. ಆದ್ದರಿಂದ ಯಾರೂ ಅದನ್ನು ಮುಟ್ಟುವುದಿಲ್ಲ. ಮಿಕ್ಸಿಗೂ 'ಅಸಹಜ ಶಬ್ದ', ಫ್ರಿಜ್ಜಿಗೂ ಅದೇ, ಬೈಕಿಗೂ ಅದೇ.

ಇದು ನಡೆಯುತ್ತಿರುವುದು ಸದ್ದಿನ ವಿಷಯದಲ್ಲಿ ಇಷ್ಟು ಸಿರಿವಂತವಾದ ಭಾಷೆಯಲ್ಲಿ. ಶಾಲೆಯಲ್ಲಿ ಅನುಕರಣಾವ್ಯಯ ಅಂತ ಒಂದು ಪಾಠ ಓದಿ ಮರೆತಿರುತ್ತೀರಿ: ಪಟಪಟ, ಚಟಚಟ, ದಬದಬ. ಪರೀಕ್ಷೆಯಲ್ಲಿ ಒಂದು ಅಂಕಕ್ಕಿಂತ ಹೆಚ್ಚಿನ ಮರ್ಯಾದೆ ಅದಕ್ಕೆ ಸಿಗುವುದಿಲ್ಲ. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟೆಲ್ ನಿಘಂಟನ್ನು ತೆರೆದರೆ ಇಂಥ ಪದಗಳು ರಾಶಿ ರಾಶಿ ಸಿಗುತ್ತವೆ. ಭಾಷಾವಿಜ್ಞಾನಿ ಮರ್ರೆ ಎಮೆನೋ 1969ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ, ಈ ಜೋಡಿ ಪದಗಳು ದ್ರಾವಿಡ ಮತ್ತು ಇಂಡೋ-ಆರ್ಯನ್ ಭಾಷೆಗಳೆರಡರಲ್ಲೂ ಹಬ್ಬಿರುವ, ಇಡೀ ಭಾರತೀಯ ಭಾಷಾವಲಯದ ಒಂದು ಗುರುತು ಎಂದು ತೋರಿಸಿದರು. ಅಮ್ಮನ ಮಾತನ್ನು ಪ್ಲಂಬರ್ ತಕ್ಷಣ ಹಿಡಿದದ್ದರ ಹಿಂದೆ ಇದೂ ಇರಬಹುದು.

ಇವು ಮನಸ್ಸಿಗೆ ಬಂದಂತೆ ಕಟ್ಟಿದ ಪದಗಳಲ್ಲ. ಸಣ್ಣ ಗಂಟೆ ಕಿಣಿಕಿಣಿ, ದೊಡ್ಡದು ಗಣಗಣ. ಗಡಿಯಾರ ಟಿಕಟಿಕ, ಬಾಗಿಲು ಟಕಟಕ. ಸ್ವರ ಇ ಆದರೆ ವಸ್ತು ಸಣ್ಣದು, ಅ ಆದರೆ ದೊಡ್ಡದು. ಕ, ಟ ಇದ್ದಲ್ಲಿ ಗ, ಡ ಬಂದರೆ ಭಾರ ಹೆಚ್ಚಿತು ಅಂತ ಲೆಕ್ಕ, ಕಟಕಟಕ್ಕೂ ಗಡಗಡಕ್ಕೂ ಇರುವಷ್ಟು. ಜೋಡಿಯಾಗಿ ಬಂದರೆ ಸದ್ದು ಮುಂದುವರಿಯುತ್ತಿದೆ, ಒಂಟಿಯಾಗಿ ಬಂದರೆ ಒಮ್ಮೆ ಆಗಿ ನಿಂತಿತು. ಎಲ್ಲ ಪದವೂ ಈ ಲೆಕ್ಕಕ್ಕೆ ಕೂರುವುದಿಲ್ಲ, ಆದರೂ ನೀವು ರಿಪೇರಿಯವನಿಗೆ ಹೇಳಬೇಕಾದ ಗಾತ್ರ, ಭಾರ, ಆವರ್ತನೆ ಎಲ್ಲ ಆ ಒಂದು ಪದದಲ್ಲೇ ಇರುತ್ತವೆ.

ಬಿಸಿನೀರಿನ ವ್ಯವಸ್ಥೆಯನ್ನೇ ನೋಡಿ. ಸ್ವಿಚ್ ಹಾಕಿದಾಗ ತೆಳ್ಳಗೆ ಸುಂಯ್ ಅನ್ನುವುದು ಕಾಯುವ ನೀರಿನ ಸಹಜ ಸದ್ದು, ತಲೆ ಕೆಡಿಸಿಕೊಳ್ಳಬೇಕಿಲ್ಲ. ಚಟಪಟ ಅಂದರೆ ಕ್ಷಾರ. ನಿಮ್ಮ ಗೀಸರ್ ಕೊತಕೊತ ಕುದಿಯುತ್ತಿದ್ದರೆ, ಅಂದರೆ ಒಲೆಯ ಮೇಲಿನ ಸಾರಿನಂತೆ ಕುದಿಯುತ್ತಿದ್ದರೆ, ಥರ್ಮೋಸ್ಟಾಟ್ ಕರೆಂಟು ಕಡಿಯುತ್ತಿಲ್ಲ ಎಂಬ ಅನುಮಾನ ಬರಬೇಕು. ತಕ್ಷಣ ಸ್ವಿಚ್ ತೆಗೆಯಬೇಕು. ನಲ್ಲಿಯನ್ನು ಫಕ್ಕನೆ ನಿಲ್ಲಿಸಿದಾಗ ಗೋಡೆಯೊಳಗೆ ಧಡ್ ಅಂದರೆ ಗೀಸರಿನ ತಪ್ಪಿಲ್ಲ, ಓಡುತ್ತಿದ್ದ ನೀರು ಒಮ್ಮೆಲೇ ನಿಂತು ಪೈಪಿಗೆ ಗುದ್ದಿದ್ದು. ಈ ನಾಲ್ಕಕ್ಕೂ ನಾನು ಕೊಟ್ಟಿದ್ದ ಅನುವಾದ ಒಂದೇ.

ಗಾಳಿಯದು ಇನ್ನೊಂದು ಕತೆ. ಎರಡು ದಿನ ಟ್ಯಾಂಕರ್ ಬರದೆ ಮೇಲಿನ ಟ್ಯಾಂಕು ಖಾಲಿಯಾಗಿ, ಆಮೇಲೆ ನೀರು ಬಂದಾಗ ಏನಾಗುತ್ತದೆ ಗೊತ್ತಲ್ಲ. ನಲ್ಲಿ ಫುಸ್ ಅನ್ನುತ್ತದೆ, ಕೆಮ್ಮುತ್ತದೆ, ಒಂದಿಷ್ಟು ಉಗುಳುತ್ತದೆ, ಪೈಪಿನಲ್ಲಿ ಗುಳುಗುಳು ಕೇಳುತ್ತದೆ. ಪೈಪ್ ಎಲ್ಲಿ ಮೇಲೆದ್ದು ಕೆಳಗಿಳಿದಿದೆಯೋ ಆ ಗೂನಿನಲ್ಲಿ ಗಾಳಿ ಕೂತುಬಿಟ್ಟಿರುತ್ತದೆ. ಮೇಲಿನ ಟ್ಯಾಂಕಿನ ಒತ್ತಡ ಅದನ್ನು ತಳ್ಳಲು ಸಾಲದು. ಸೋಲಾರ್ ಇರುವ ಮನೆಗಳಲ್ಲಿ ಇದು ಇನ್ನೂ ಹೆಚ್ಚು, ಏಕೆಂದರೆ ಬಿಸಿನೀರಿನ ಪೈಪ್ ತಾರಸಿಯಿಂದ ಉದ್ದಕ್ಕೆ ಬಳಸಿಕೊಂಡು ಬರುತ್ತದೆ. ಎಲ್ಲ ಬಿಸಿನೀರಿನ ನಲ್ಲಿಗಳನ್ನೂ ತೆರೆದು, ಕೆಮ್ಮು ನಿಂತು ನೀರು ಒಂದೇ ಧಾರೆಯಾಗಿ ಬರುವ ತನಕ ಬಿಡಬೇಕು. ಅಲ್ಲಿಯವರೆಗೆ ಗೀಸರ್ ಸ್ವಿಚ್ ಮುಟ್ಟಬಾರದು. ಒಳಗೆ ನೀರಿಲ್ಲದೆ ಕಾಯಿಲ್ ಕಾದರೆ ಅಲ್ಲಿಗೆ ಮುಗಿಯಿತು. ಸೋಲಾರಿನದು ಗಾಜಿನ ಕೊಳವೆಯಾಗಿದ್ದು ಅವೂ ಖಾಲಿಯಾಗಿದ್ದರೆ, ಮಟಮಟ ಮಧ್ಯಾಹ್ನ ತಣ್ಣೀರು ಬಿಡಬಾರದು. ಕಾದ ಗಾಜು ಒಡೆಯುತ್ತದೆ. ಬೆಳಿಗ್ಗೆ ಬೇಗ, ಇಲ್ಲವೇ ಬಿಸಿಲು ಇಳಿದ ಮೇಲೆ ತುಂಬಿಸಬೇಕು.

ಬ್ರಿಟನ್ನಿನ ಮನೆಗಳ ಬಾಯ್ಲರುಗಳ ಬಗ್ಗೆ ಒಮ್ಮೆ ಓದಬೇಕಾಗಿ ಬಂದಿತ್ತು. ಅಲ್ಲಿ ಸ್ನಾನದ ನೀರಿನ ಜೊತೆ ಮನೆಯನ್ನೂ ಬಿಸಿ ಮಾಡಬೇಕು. ಬಾಯ್ಲರಿನಲ್ಲಿ ಕಾದ ನೀರು ಮುಚ್ಚಿದ ಪೈಪುಗಳಲ್ಲಿ ಕೋಣೆ ಕೋಣೆಯ ರೇಡಿಯೇಟರಿಗೆ ಸುತ್ತಿ ವಾಪಸು ಬರುತ್ತದೆ. ಅದರಲ್ಲಿ ಕ್ಷಾರ ಕಟ್ಟಿ ಬರುವ ಸದ್ದಿಗೆ ಅವರು ಕೆಟಲ್ ಹೆಸರಿನಿಂದಲೇ 'ಕೆಟ್ಲಿಂಗ್' ಅನ್ನುತ್ತಾರೆ. ಗುಳುಗುಳು ಅಂದರೆ ಗಾಳಿ. ರೇಡಿಯೇಟರಿನ ಮೇಲ್ಭಾಗ ತಣ್ಣಗಿದ್ದು ಕೆಳಗೆ ಬಿಸಿಯಿದ್ದರೂ ಗಾಳಿ. ಕೆಳಗೆ ತಣ್ಣಗಿದ್ದರೆ ಕಬ್ಬಿಣದ ಕಪ್ಪು ಕೆಸರು. ಬಾಯ್ಲರ್ ನಿಲ್ಲಿಸಿ, ಆರಲು ಬಿಟ್ಟು, ರೇಡಿಯೇಟರಿನ ತುದಿಯ ತಿರುಪನ್ನು ಸಣ್ಣ ಕೀಲಿಯಿಂದ ಸ್ವಲ್ಪವೇ ಸಡಿಲಿಸಿದರೆ ಗಾಳಿ ಸುಸ್ಸೆಂದು ಹೊರಡುತ್ತದೆ. ನೀರು ಜಿನುಗಿದ ಕೂಡಲೇ ಬಿಗಿ ಮಾಡಿ, ಒತ್ತಡ 1ರಿಂದ 1.5 ಬಾರ್ ನಡುವೆ ಇದೆಯೇ ನೋಡಬೇಕು. ಇಂಗ್ಲಿಷಿನಲ್ಲಿ ಇದನ್ನು ರೇಡಿಯೇಟರಿನ ರಕ್ತ ತೆಗೆಯುವ ಕ್ರಿಯಾಪದದಿಂದ ಕರೆಯುತ್ತಾರೆ. ಯಂತ್ರಾನುವಾದಕ್ಕೆ ಕೊಟ್ಟು ನೋಡಿ, ಒಂದು ಸಂಜೆ ಕಳೆಯುತ್ತದೆ. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಅಲ್ಲಿ ಗಾಳಿ ತೆಗೆಯುವುದು ಮನೆಯವರದೇ ಕೆಲಸ, ಹಾಗಾಗಿ ಕೈಪಿಡಿಯಲ್ಲಿ ಸದ್ದಿನ ಹೆಸರು ಇರಲೇಬೇಕು. ನಾವು ಫೋನ್ ಮಾಡಿ ಯಾರನ್ನೋ ಕರೆಸುತ್ತೇವೆ. ಹಾಗಿದ್ದ ಮೇಲೆ ಸದ್ದಿನ ಹೆಸರು ನಮಗೆ ಇನ್ನೂ ಹೆಚ್ಚು ಬೇಕು, ಏಕೆಂದರೆ ಬರುವವನು ಅದನ್ನು ಕೇಳಿಸಿಕೊಂಡಿರುವುದಿಲ್ಲ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಅದೇ ಕೈಪಿಡಿಯ ಇನ್ನೊಂದು ವಾಕ್ಯ: "ವಿಸರ್ಜನಾ ದ್ವಾರವನ್ನು ಪ್ರತಿಬಂಧಿಸಬೇಡಿ." ಗೀಸರಿನ ತಣ್ಣೀರು ಹೋಗುವ ಕಡೆ ಒಂದು ಸಣ್ಣ ವಾಲ್ವ್ ಇರುತ್ತದೆ. ಕಾದ ನೀರು ಹಿಗ್ಗುತ್ತದೆ. 25 ಲೀಟರ್ ನೀರು 25 ಡಿಗ್ರಿಯಿಂದ 75ಕ್ಕೆ ಏರಿದರೆ ಹೆಚ್ಚುಕಡಿಮೆ ಅರ್ಧ ಲೀಟರಿನಷ್ಟು. ನೀರು ಹಿಂದಕ್ಕೆ ಹೋಗದಂತೆ ತಡೆ ಇದ್ದರೆ ಆ ಹೆಚ್ಚಿನ ನೀರಿಗೆ ದಾರಿ ಈ ವಾಲ್ವ್ ಒಂದೇ. ಆದ್ದರಿಂದ ಅದು ಆಗಾಗ ತೊಟತೊಟ ಅನ್ನುತ್ತದೆ, ಅನ್ನಬೇಕು. ಥರ್ಮೋಸ್ಟಾಟ್ ಕೈಕೊಟ್ಟ ದಿನ ಒಳಗಿನ ಒತ್ತಡ ಹೋಗಬೇಕಾದ್ದೂ ಅಲ್ಲಿಂದಲೇ. ನಮ್ಮ ಕಟ್ಟಡದ ಒಂದು ಮನೆಯಲ್ಲಿ ಆ ಬಾಯಿಗೆ ಎಂ-ಸೀಲ್ ಮೆತ್ತಿದ್ದನ್ನು ನಾನೇ ಕಂಡೆ. ಆ ಮನೆಯವರು ಕನ್ನಡದವರೇ, ಓದು ಬಲ್ಲವರೇ. "ನೀರು ಸೋರ್ತಿತ್ತು, ಮುಚ್ಚಿಸಿದ್ವಿ" ಅಂದರು. ಅವರ ಗೀಸರಿನ ಕೈಪಿಡಿ ನಾನು ಮಾಡಿದ್ದಲ್ಲ, ಆದರೆ ಅದರಲ್ಲಿದ್ದ ವಾಕ್ಯ ನನ್ನ ವಾಕ್ಯದ ಅವಳಿ. ವಿಸರ್ಜನೆ ಅಂದರೆ ಅವರಿಗೆ ಗಣಪತಿ. ಅದರ ಬದಲು ಹೀಗೆ ಬರೆಯಬಹುದಿತ್ತು: "ಗೀಸರ್ ಕೆಳಗಿನ ಸಣ್ಣ ವಾಲ್ವಿನಿಂದ ನೀರು ಕಾಯುವಾಗ ತೊಟ್ಟಿಕ್ಕುತ್ತದೆ. ಅದು ಸೋರಿಕೆಯಲ್ಲ. ಅದನ್ನು ಮುಚ್ಚಿದರೆ ಗೀಸರ್ ಒಡೆಯಬಹುದು." ನಾನು ಬರೆಯಲಿಲ್ಲ.

ಎಲ್ಲ ಅಪಾಯಕ್ಕೂ ಸದ್ದಿರುತ್ತದೆ ಅಂತಲೂ ನಾನು ಹೇಳುತ್ತಿಲ್ಲ. ಗ್ಯಾಸ್ ಗೀಸರ್ ಹಚ್ಚುವಾಗ ತಡವಾಗಿ ಭಪ್ ಅಂದರೆ, ಹೊತ್ತಿಕೊಳ್ಳುವ ಮುಂಚೆ ಗ್ಯಾಸ್ ಸೇರಿಕೊಂಡಿದೆ ಅಂತ ಅರ್ಥ, ಅದನ್ನು ಕಿವಿ ಹಿಡಿಯುತ್ತದೆ. ಆದರೆ ಮುಚ್ಚಿದ ಬಚ್ಚಲಿನಲ್ಲಿ ಗಾಳಿ ಸಾಲದೆ ಅದು ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಸದ್ದೂ ಇಲ್ಲ, ವಾಸನೆಯೂ ಇಲ್ಲ. ಸ್ನಾನಕ್ಕೆ ಹೋದವರು ಹೊರಬಾರದ ಸುದ್ದಿ ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಅಲ್ಲಿ ಕೈಪಿಡಿ ಕಣ್ಣಿಗೂ ಮೈಗೂ ಹೇಳಬೇಕು: ಉರಿ ನೀಲಿಯಾಗಿರದೆ ಹಳದಿಯಾಗಿದ್ದರೆ, ಮೇಲೆ ಮಸಿ ಹಿಡಿದಿದ್ದರೆ, ಸ್ನಾನ ಮಾಡುತ್ತ ತಲೆ ಭಾರವಾದರೆ ಮೊದಲು ಹೊರಗೆ ಬನ್ನಿ. ಗ್ಯಾಸ್ ಗೀಸರ್ ಬಚ್ಚಲಿನ ಒಳಗೆ ಇರಲೇಬಾರದು. ಇದನ್ನು 'ಅಸಮರ್ಪಕ ದಹನ' ಅಂತ ಬರೆದು ಕೈತೊಳೆದುಕೊಂಡರೆ ಓದಿದವರಿಗೆ ಏನೂ ತಿಳಿಯುವುದಿಲ್ಲ.

ಇಂಥ ಪದಗಳು ಕೈಪಿಡಿಗೆ ಗಂಭೀರವಲ್ಲ, ಮಕ್ಕಳ ಮಾತಿನ ಹಾಗಿವೆ ಅನ್ನುವ ಆಕ್ಷೇಪ ನನಗೆ ಹೊಸದಲ್ಲ. ಒಮ್ಮೆ 'ಗುಳುಗುಳು' ಎಂದು ಬರೆದದ್ದನ್ನು ಪರಿಶೀಲಕರು ಹೊಡೆದುಹಾಕಿ 'ದ್ರವಚಲನೆಯ ಧ್ವನಿ' ಎಂದು ಮಾಡಿದ್ದರು. ಗೌರವ ಯಾರಿಗೆ ಅಂತ ನಾನು ಕೇಳುತ್ತೇನೆ. ಗೀಸರಿಗೋ, ಅದರ ಕೆಳಗೆ ಬಕೆಟ್ ಹಿಡಿದು ನಿಂತವರಿಗೋ? ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಸದ್ದಿನ ಪದ ಊರಿಂದೂರಿಗೆ ಬೇರೆ. ಇದಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಹುಬ್ಬಳ್ಳಿ, ಮೈಸೂರು, ಮಂಗಳೂರಿನ ಮೂವರು ಪ್ಲಂಬರುಗಳಿಗೆ ಓದಿ ಹೇಳಿ, ಮೂವರಿಗೂ ಹೊಳೆದದ್ದನ್ನು ಉಳಿಸಿಕೊಳ್ಳಬಹುದು. ಮೂರು ಫೋನಿನ ಖರ್ಚು.

ಈ ತಿಂಗಳು ಇನ್ನೊಂದು ಗೀಸರ್ ಕೈಪಿಡಿ ಬಂತು. ತಂತ್ರಾಂಶ ಎಂದಿನಂತೆ 'ಅಸಹಜ ಶಬ್ದ'ವನ್ನು ತಂದು ಮುಂದಿಟ್ಟಿತು. ಅಳಿಸಿ, "ಮಂಡಕ್ಕಿ ಹುರಿದಂತೆ ಚಟಪಟ ಸದ್ದು ಬಂದರೆ ಕ್ಷಾರ ಕಟ್ಟಿದೆ" ಅಂತ ಬರೆದು ಕಳಿಸಿದೆ. ಮೂರನೆಯ ದಿನ ಪರಿಶೀಲಕರ ಟಿಪ್ಪಣಿ ಬಂತು. ಚಟಪಟಕ್ಕೆ ಅವರ ತಕರಾರಿಲ್ಲ. ಆದರೆ ಅವರು ಬೆಂಗಳೂರಿನವರು, ಅವರ ಮನೆಯಲ್ಲಿ ಅದು ಪುರಿ. ಅವರ ಜೊತೆಗಾರರು ಧಾರವಾಡದವರು, ಅಲ್ಲಿ ಚುರುಮುರಿ. ಮಂಡಕ್ಕಿ ಯಾಕೆ ಅಂತ ಕೇಳಿದ್ದಾರೆ. ಅಮ್ಮನಿಗೆ ಫೋನ್ ಮಾಡಿ ಹೇಳಿದರೆ, "ಅವರ ಊರಾಗೆ ಭಟ್ಟಿ ಅದಾವೇನು ಕೇಳು" ಅಂದಳು. ಪರಿಶೀಲಕರಿಗೆ ಇನ್ನೂ ಉತ್ತರ ಕಳಿಸಿಲ್ಲ.