ಊರಿನ ಬೆಳೆ, ಶಾಲೆಯ ತಟ್ಟೆ

ಊರಿನ ಹೊಲದಲ್ಲಿ ಬೆಳೆದದ್ದು ಊರಿನ ಶಾಲೆಯ ಮಕ್ಕಳ ತಟ್ಟೆಗೆ ಬರಬೇಕು ಎಂಬ ಮಾತನ್ನು ಒಪ್ಪದವರು ಕಡಿಮೆ. ಮಕ್ಕಳಿಗೆ ತಾಜಾ ಆಹಾರ, ರೈತನಿಗೆ ಹತ್ತಿರದಲ್ಲೇ ಗಿರಾಕಿ. ಆದರೆ ಒಪ್ಪುವುದು ಬೇರೆ, ಲೆಕ್ಕ ಹಾಕಿ ನೋಡುವುದು ಬೇರೆ. ಇಂಥ ಯೋಜನೆಯಿಂದ ನಿಜವಾಗಿ ಯಾರಿಗೆ ಎಷ್ಟು ಪ್ರಯೋಜನವಾಯಿತು ಎಂದು ಅಳೆಯುವುದು ಹೇಗೆ?

ಜೂನ್‌ನಲ್ಲಿ ಮಕ್ಕಳ ತೂಕ, ಎತ್ತರ ಬರೆದಿಟ್ಟು, ಮಾರ್ಚ್‌ನಲ್ಲಿ ಮತ್ತೆ ಅಳೆದರಾಯಿತಲ್ಲ ಎನ್ನಿಸಬಹುದು. ಅಳೆದರೆ ಎರಡೂ ಹೆಚ್ಚಿರುತ್ತವೆ, ವರದಿಯೂ ಚೆನ್ನಾಗಿ ಕಾಣುತ್ತದೆ. ಆದರೆ ಎಂಟು-ಹತ್ತು ವರ್ಷದ ಮಗು ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಹೇಗೂ ಬೆಳೆಯುತ್ತದೆ. ಆ ವರ್ಷ ಮಳೆ ಚೆನ್ನಾಗಿ ಆಗಿ ಮನೆಯ ಊಟವೇ ಸುಧಾರಿಸಿದ್ದರೂ ಸುಧಾರಿಸಿರಬಹುದು. ಬೀಜ ಮೊಳೆಯಲು ನೀರು ಬೇಕೆಂದು ತೋರಿಸುವಾಗ ನೀರು ಹಾಕಿದ ಬಟ್ಟಲಿನ ಪಕ್ಕದಲ್ಲಿ ನೀರು ಹಾಕದ ಬಟ್ಟಲನ್ನೂ ಇಡುತ್ತಾರಷ್ಟೆ? ಇಲ್ಲಿಯೂ ಆ ಎರಡನೆಯ ಬಟ್ಟಲು ಬೇಕು. ಎಂದರೆ, ಯೋಜನೆ ಇನ್ನೂ ತಲುಪದ, ಉಳಿದೆಲ್ಲ ವಿಷಯದಲ್ಲಿ ಅದೇ ತೆರನಾದ ಶಾಲೆಗಳು.

ಪಶ್ಚಿಮ ಆಫ್ರಿಕದ ಘಾನಾ ದೇಶದಲ್ಲಿ ಇದನ್ನು ಮಾಡಿ ನೋಡಿದರು. ಅಲ್ಲಿ ಶಾಲಾ ಊಟದ ಯೋಜನೆ ಆರಂಭವಾದದ್ದು 2005ರಲ್ಲಿ. ಅಡುಗೆಯ ಗುತ್ತಿಗೆ ಪಡೆದವರು, ಬಹುಮಟ್ಟಿಗೆ ಮಹಿಳೆಯರು, ದಿನಸಿಯನ್ನು ಆದಷ್ಟೂ ಸುತ್ತಲಿನ ರೈತರಿಂದಲೇ ಕೊಳ್ಳಬೇಕೆಂಬುದು ಆಶಯ. ಮುಂದೆ ಯೋಜನೆಯನ್ನು ವಿಸ್ತರಿಸುವಾಗ ಎಲ್ಲ ಶಾಲೆಗಳಿಗೂ ಒಮ್ಮೆಲೇ ಕೊಡುವುದು ಸಾಧ್ಯವಿರಲಿಲ್ಲ. ಆದ್ದರಿಂದ 58 ಜಿಲ್ಲೆಗಳಲ್ಲಿ, ಚೀಟಿ ಎತ್ತಿದಂತೆ, ಯಾವ ಊರಿಗೆ ಮೊದಲು ಎಂಬುದನ್ನು ನಿರ್ಧರಿಸಿದರು. ಹಸಿದ ಮಕ್ಕಳ ಮೇಲೆ ಪ್ರಯೋಗವೇ ಎಂದು ಯಾರಾದರೂ ಮೂಗು ಮುರಿದಾರು. ಎಲ್ಲರಿಗೂ ಸಾಲದೆ ಇದ್ದಾಗ ಶಿಫಾರಸಿಗಿಂತ ಚೀಟಿಯೇ ನ್ಯಾಯ. 2013ರಲ್ಲಿ ಒಮ್ಮೆ, 2016ರಲ್ಲಿ ಇನ್ನೊಮ್ಮೆ ಎರಡೂ ಗುಂಪಿನ ಮಕ್ಕಳನ್ನು, ಅವರ ಮನೆಗಳನ್ನು ಅಳೆದರು.

ಎಲ್ಲ ಮಕ್ಕಳನ್ನೂ ಒಟ್ಟಿಗೆ ಸೇರಿಸಿ ಸರಾಸರಿ ತೆಗೆದಾಗ ಎತ್ತರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಅಲ್ಲಿಗೇ ಪುಸ್ತಕ ಮುಚ್ಚಿದ್ದರೆ ಯೋಜನೆ ಸೋತಿತು ಎಂದೇ ಬರೆಯುತ್ತಿದ್ದರು. ಹೆಣ್ಣುಮಕ್ಕಳನ್ನು, ತೀರ ಬಡ ಮನೆಯ ಮಕ್ಕಳನ್ನು, ಐದರಿಂದ ಎಂಟು ವರ್ಷದ ಚಿಕ್ಕವರನ್ನು ಬೇರೆ ಬೇರೆಯಾಗಿ ನೋಡಿದಾಗ ಮಾತ್ರ ಬೆಳವಣಿಗೆ ಸ್ಪಷ್ಟವಾಗಿ ಕಂಡಿತು. ಹೊಟ್ಟೆ ತುಂಬಿದ ಮನೆಯ ಮಗುವನ್ನೂ ಅರೆಹೊಟ್ಟೆಯ ಮಗುವನ್ನೂ ಒಂದೇ ಮೊತ್ತಕ್ಕೆ ಸೇರಿಸಿ ಭಾಗಿಸುವ ಸರಾಸರಿ ಹೀಗೆ ಎಷ್ಟನ್ನೋ ಮುಚ್ಚಿಡುತ್ತದೆ. ಓದು ಮತ್ತು ಲೆಕ್ಕದ ಪರೀಕ್ಷೆಗಳಲ್ಲಿಯೂ ಊಟ ಸಿಕ್ಕ ಮಕ್ಕಳು ಮುಂದಿದ್ದರು.

ರೈತನ ಕಡೆಯ ಲೆಕ್ಕ ಮಾತ್ರ ನಿರಾಶೆ ತಂದಿತು. ಊಟ ನಡೆದ ಊರುಗಳ ರೈತರ ಮಾರಾಟದಲ್ಲಾಗಲಿ ಆದಾಯದಲ್ಲಾಗಲಿ ಏರಿಕೆ ಕಾಣಲಿಲ್ಲ. ಘಾನಾದಲ್ಲಿ ಅಡುಗೆಯವರಿಗೆ ಸರ್ಕಾರದ ಹಣ ತಡವಾಗಿ ಬರುತ್ತದೆಂಬ ದೂರು ಹಳೆಯದು. ಹಣ ಬರುವವರೆಗೆ ಅಡುಗೆ ನಿಲ್ಲಿಸುವಂತಿಲ್ಲ, ಸಾಲಕ್ಕೆ ಸಾಮಾನು ಬೇಕು. ಸಾಲ ಕೊಡುವವನು ಪೇಟೆಯ ವ್ಯಾಪಾರಿ. ಸುಗ್ಗಿಯಲ್ಲಿ ಕೈಗೆ ಕಾಸು ಬೇಕಾದ ಸಣ್ಣ ರೈತ ಎಲ್ಲಿಂದ ಕೊಟ್ಟಾನು? ಹೀಗೆ ಕೊಂಡಿ ಕಳಚುವುದು ಹೊಲದಲ್ಲಿ ಅಲ್ಲ, ಅಡುಗೆಮನೆಯಲ್ಲೂ ಅಲ್ಲ, ಖಜಾನೆಯಲ್ಲಿ. ಆಶಯವನ್ನು ಹೇಳಿ ಸುಮ್ಮನಾಗದೆ ಬ್ರೆಜಿಲ್ ದೇಶ 2009ರಲ್ಲಿ ಕಾನೂನನ್ನೇ ಮಾಡಿ, ಶಾಲಾ ಊಟಕ್ಕೆ ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ ಶೇಕಡ 30 ಭಾಗ ಕುಟುಂಬ ಕೃಷಿಕರಿಂದ ಕೊಳ್ಳಲು ಹೋಗಬೇಕೆಂದು ವಿಧಿಸಿತು.

ನಮ್ಮ ಕರ್ನಾಟಕದಲ್ಲಿ 2002ರಲ್ಲಿ ಏಳು ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹದ ಅಕ್ಕಿ ಸರ್ಕಾರದ ಗೋದಾಮಿನಿಂದ ಬರುತ್ತದೆ. ಶಾಲೆಯಲ್ಲೇ ಅಡುಗೆಯಾಗುವ ಕಡೆ ಊರಿನ ಬೆಳೆಗೆ ಬಾಗಿಲು ತೆರೆದಿರುವುದು ಮುಖ್ಯವಾಗಿ ತರಕಾರಿ, ಸೊಪ್ಪಿನಲ್ಲಿ. ಅದಕ್ಕೆ ಖರ್ಚಾದ ನೂರು ರೂಪಾಯಿಯಲ್ಲಿ ಊರಿನ ಬೆಳೆಗಾರನಿಗೆ ಎಷ್ಟು, ಸಂತೆಯ ವ್ಯಾಪಾರಿಗೆ ಎಷ್ಟು ಎಂಬುದನ್ನು ಒಂದು ತಿಂಗಳು ಬರೆದಿಟ್ಟರೂ ಸಾಕು, ಗೊತ್ತಾಗುತ್ತದೆ.

ಬೆಂಗಳೂರಿನ ಹೊರವಲಯದ ಶಾಲೆಗಳಲ್ಲಿ ಮೂರು ತಿಂಗಳು ಸಿರಿಧಾನ್ಯದ ಊಟ ಬಡಿಸಿ ನಡೆಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ರಾಗಿ ಇಡ್ಲಿ, ಸಾಮೆ-ಸಜ್ಜೆಯ ಬಿಸಿಬೇಳೆಬಾತ್ ಮಕ್ಕಳಿಗೆ ಚೆನ್ನಾಗಿ ಹಿಡಿಸಿದವು. ಎಂದಿನ ಅನ್ನ-ಸಾಂಬಾರ್ ಉಂಡವರಿಗಿಂತ ಇವರ ಬೆಳವಣಿಗೆ ಉತ್ತಮವಾಗಿತ್ತು. ಎತ್ತರವನ್ನು ಅಳೆಯಲು ಮೂರು ತಿಂಗಳು ಸಣ್ಣ ಅವಧಿಯೇ. ಧಾನ್ಯ ಬೆಳೆದವನಿಗೆ ಏನು ಸಿಕ್ಕಿತು ಎಂಬುದಂತೂ ಆ ಅಧ್ಯಯನದ ಪ್ರಶ್ನೆಯೇ ಆಗಿರಲಿಲ್ಲ.

ಬಡಿಸಿದ್ದೆಲ್ಲ ಹೊಟ್ಟೆಗೆ ಹೋಯಿತೇ ಎಂಬುದನ್ನು ಮಾತ್ರ ಎಂಟನೆಯ ತರಗತಿಯ ಮಕ್ಕಳೇ ಪತ್ತೆ ಮಾಡಬಲ್ಲರು. ಒಂದು ತೂಕದ ಯಂತ್ರ, ಎರಡು ಬಕೆಟ್ಟು ಇದ್ದರಾಯಿತು. ಪಾತ್ರೆಯನ್ನು ಬಡಿಸುವ ಮೊದಲೂ ಆಮೇಲೂ ತೂಗಬೇಕು. ತಟ್ಟೆಗಳಲ್ಲಿ ಬಿಟ್ಟದ್ದನ್ನು ಬಕೆಟ್ಟಿಗೆ ಸುರಿದು ಅದನ್ನೂ ತೂಗಬೇಕು. 24 ಕಿಲೋ ಬಡಿಸಿ 3 ಕಿಲೋ ಮರಳಿದರೆ ಎಂಟರಲ್ಲಿ ಒಂದು ಪಾಲು ವ್ಯರ್ಥ. ಒಂದೇ ದಿನದ ಲೆಕ್ಕ ನಂಬುವಂತಿಲ್ಲ. ಹೊಸ ತಿಂಡಿಯನ್ನು ಮೊದಲ ದಿನ ಎಲ್ಲರೂ ಬಾಚಿ ತಿನ್ನುತ್ತಾರೆ. ಆಟದ ಅವಧಿ ಊಟಕ್ಕೆ ಮೊದಲಿದ್ದರೆ ಹಸಿವೆಯೂ ಹೆಚ್ಚು. ಮೇಷ್ಟರು ತಕ್ಕಡಿ ಹಿಡಿದು ಪಕ್ಕದಲ್ಲೇ ನಿಂತರೆ ಎಂಜಲೇ ಉಳಿಯುವುದಿಲ್ಲ! ನುಗ್ಗೆಕಾಯಿಯ ಸಿಪ್ಪೆ, ಕರಿಬೇವಿನ ಎಲೆಗಳನ್ನು ಎರಡನೆಯ ಬಕೆಟ್ಟಿಗೆ ಹಾಕಿಸಬೇಕು. ಇಲ್ಲದಿದ್ದರೆ ಹುಳಿ ರುಚಿಯಾಗಿದ್ದ ದಿನವೇ ಮಕ್ಕಳು ಹೆಚ್ಚು ಚೆಲ್ಲಿದರು ಎಂದು ಲೆಕ್ಕ ಬಂದೀತು.